ಸದ್ದು ಮಾಡದ ಕೈ

ಯಾರ ಮನೆಗೆ ಹೋದರೂ ರುಖಿಯಮ್ಮ ಹೊಸ್ತಿಲಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದರು. ಗೊತ್ತಿಲ್ಲದವರು ಮಂಡಿನೋವಿಗೆ ನಿಂತರೆಂದೋ, ಸಲಾಂ ಹೇಳಲು ಮನೆಯವರ ಮುಖ ಹುಡುಕುತ್ತಿದ್ದಾರೆಂದೋ ತಿಳಿಯಬೇಕು. ಅವರ ಕಣ್ಣು ಯಾರ ಮುಖದ ಮೇಲೂ ಇರುತ್ತಿರಲಿಲ್ಲ. ಅದು ಗೋಡೆ ಹಿಡಿದುಕೊಂಡು ಹೋಗಿ, ಅಡುಗೆಮನೆಯ ಪರದೆಯವರೆಗೆ ಮುಟ್ಟಿ, ಬಚ್ಚಲಿನ ಕಿಟಕಿಯ ಅಗಲ ಅಳೆದು, ನಿಧಾನವಾಗಿ ತಿರುಗಿ ಬರುತ್ತಿತ್ತು. ಚಾ ಕುಡಿಯುತ್ತೀರಾ ಎಂಬ ಪ್ರಶ್ನೆಗೆ ಉತ್ತರ ಆಮೇಲೆ. ಮೊದಲು ಅವರೇ ಕೇಳುತ್ತಿದ್ದರು: "ಇದಕ್ಕೆ ಎರಡನೇ ಬಾಗಿಲು ಎಲ್ಲಿ ಉಂಟು?"

ಎರಡನೇ ಬಾಗಿಲು ಇಲ್ಲದ ಮನೆಯಲ್ಲಿ ಅವರು ಚಾ ಕುಡಿಯುತ್ತಿದ್ದರು, ಬಿಸ್ಕತ್ತು ಮುಟ್ಟುತ್ತಿರಲಿಲ್ಲ.

ಅರಬರ ನಾಡಿನ ಈ ನಜ್ರಾನಿನಲ್ಲಿ ನಮ್ಮ ಕಟ್ಟಡದ ಕೆಳಗಿನ ಮನೆ ಅವರದು, ಮೇಲಿನದು ನಮ್ಮದು. ನನ್ನ ಮಗ ಯೋಗೀಶ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಯಜಮಾನರು ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡ. ರುಖಿಯಮ್ಮನ ಮಗ ಆಶಿಕನಿಗೆ ಕಾರಿನ ಬಿಡಿಭಾಗಗಳ ಅಂಗಡಿ. ಅವರದು ಉಳ್ಳಾಲದ ಕಡೆ, ನಮ್ಮದು ಸುರತ್ಕಲ್ ಕಡೆ. ಇಬ್ಬರ ಗಂಡಂದಿರೂ ಇಲ್ಲ, ಇಬ್ಬರ ಮಕ್ಕಳಿಗೂ ಹೊತ್ತಿಲ್ಲ. ಹೀಗಾಗಿ ಸಂಜೆ ಬಿಸಿಲು ಇಳಿದ ಮೇಲೆ, ಸುತ್ತಲಿನ ಬೋಳು ಗುಡ್ಡಗಳು ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ, ಹತ್ತಿರದ ಉದ್ಯಾನದ ಹುಲ್ಲಿನ ಮೇಲೆ ಚಾಪೆ ಹಾಸಿ ಕೂರುವುದು ನಮಗೆ ರೂಢಿಯಾಯಿತು. ಚಾಪೆ ಹಾಸುವ ಜಾಗವನ್ನು ಅವರೇ ಆರಿಸುತ್ತಿದ್ದರು. ಬೆನ್ನಿಗೆ ಗೋಡೆ, ಎದುರಿಗೆ ಗೇಟು. ನಾನು ಅವರ ಎದುರು ಕೂತು ಗುಡ್ಡ ನೋಡುತ್ತಿದ್ದೆ. ಅವರು ನನ್ನ ಹೆಗಲಿನ ಮೇಲಿಂದ ಗೇಟು ನೋಡುತ್ತಾ ನನ್ನೊಡನೆ ಮಾತಾಡುತ್ತಿದ್ದರು. ಮೊದಮೊದಲು, ನನ್ನ ಹಿಂದೆ ಯಾರೋ ನಿಂತಿದ್ದಾರೆಂದು ನಾನು ತಿರುಗಿ ತಿರುಗಿ ನೋಡುತ್ತಿದ್ದೆ. ಆಮೇಲೆ ಬಿಟ್ಟೆ. ನೋಡುವ ಕೆಲಸ ಒಬ್ಬರು ಮಾಡುತ್ತಿರುವಾಗ ಇನ್ನೊಬ್ಬರಿಗೆ ಗುಡ್ಡ ನೋಡಲು ಪುರುಸೊತ್ತು ಸಿಗುತ್ತದೆ.

ಅವರ ನಡಿಗೆಯೇ ಬೇರೆ. ನಮ್ಮ ಪ್ರಾಯದ ಹೆಂಗಸರು ಚಪ್ಪಲಿ ಎಳೆಯುತ್ತಾ ನಡೆಯುತ್ತೇವೆ. ರುಖಿಯಮ್ಮ ಕಪ್ಪು ಅಬಾಯಾದ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು, ದಾರವನ್ನು ಎರಡು ಗಂಟು ಬಿಗಿದು, ಉಳಿದ ತುದಿಯನ್ನು ಒಳಗೆ ತುರುಕಿ. ಬೂಟು ಬಿಚ್ಚಿ ಒಳಗೆ ಹೋಗಬೇಕಾದಲ್ಲಿ ಅದನ್ನು ಬಾಗಿಲ ಬಳಿ ರಾಶಿಯಲ್ಲಿ ಬಿಡುತ್ತಿರಲಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಮಗುವನ್ನು ಇಟ್ಟುಕೊಂಡ ಹಾಗೆ ಮಗ್ಗುಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. "ಎಂತ ರುಖಿಯಮ್ಮ, ನಿಮ್ಮ ಬೂಟನ್ನು ಯಾರು ಕದ್ದಾರು?" ಎಂದು ಕೇಳಿದರೆ, "ಕದ್ದರೆ ಹೊಸತು ಸಿಗ್ತದೆ. ಓಡ್ಲಿಕ್ಕೆ ಆಗುವಾಗ ಸಿಗ್ಬೇಕಲ್ಲ," ಎನ್ನುತ್ತಿದ್ದರು. ಓಡುವುದೆಂದರೆ ಯಾರಿಂದ, ಎಲ್ಲಿಗೆ ಎಂದು ಕೇಳುವಷ್ಟು ಹೊತ್ತು ಯಾರೂ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ನಕ್ಕು ಮುಗಿಯುತ್ತಿತ್ತು.

ದೊಡ್ಡ ಅಂಗಡಿಗೆ ಸಾಮಾನಿಗೆ ಹೋದರೆ ಅವರು ಮೊದಲು ಹೋಗುತ್ತಿದ್ದದ್ದು ಮಾಂಸ ಕಡಿಯುವ ಕಟ್ಟೆಗೆ, ಮಾಂಸ ಬೇಡದಿದ್ದರೂ. "ಕಡಿಯುವವರ ಹಿಂದೆ ಯಾವಾಗಲೂ ಒಂದು ಬಾಗಿಲು ಇರ್ತದೆ ಅಕ್ಕ. ಕೋಳಿ ಲಾರಿ ಬರುವ ದಾರಿ. ಗಲಾಟೆ ಆದ್ರೆ ಎಲ್ಲರೂ ಬಂದ ಬಾಗಿಲಿಗೇ ಓಡ್ತಾರೆ. ನೀವು ಕೋಳಿ ಬಂದ ದಾರಿಯಲ್ಲಿ ಹೋಗಿ." ಅವರ ಕೈಚೀಲದಲ್ಲಿ ನೀರಿನ ಬಾಟಲಿ, ಮೈ ಒರೆಸುವ ಒಂದು ತೋರ್ತು, ಸಣ್ಣ ಸೀಸೆಯಲ್ಲಿ ತೆಂಗಿನೆಣ್ಣೆ, ಒಂದು ಹಿಡಿ ಖರ್ಜೂರ. ಖರ್ಜೂರ ಅವರಿಗಲ್ಲ. ಬಾಯಲ್ಲಿ ಖರ್ಜೂರ ಇರುವ ಮಗು ಅಳುವುದಿಲ್ಲ ಎಂದು ಅವರು ಕಂಡುಕೊಂಡಿದ್ದರು. ಕಟ್ಟಡದ ಮಕ್ಕಳಿಗೆ ಆಟ ಕಲಿಸುತ್ತಿದ್ದರು: ಬೀಜ ಬಾಯಲ್ಲಿ ಇಟ್ಟುಕೊಂಡು, ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ, ಕರೆದರೂ ಮಾತಾಡದೆ ಕೂರುವ ಆಟ. ಗೆದ್ದವರಿಗೆ ಇನ್ನೊಂದು ಖರ್ಜೂರ. ತಾಯಂದಿರಿಗೆ ಇದು ಗೊತ್ತಾದ ಮೇಲೆ ಆಟ ನಿಂತಿತು. ಮಕ್ಕಳ ಶಾಲೆಯಲ್ಲೂ ಒಮ್ಮೆ ಅಂಥದ್ದೇ ಅಭ್ಯಾಸ ಮಾಡಿಸಿದರು: ಗಂಟೆ ಬಾರಿಸಿದ ಕೂಡಲೇ ದೀಪ ಆರಿಸಿ ಬೆಂಚಿನ ಕೆಳಗೆ ಕೂರುವುದು. ಅದಕ್ಕೆ ಶಾಲೆಯವರು ಇಂಗ್ಲಿಷಿನ ಹೆಸರಿಟ್ಟು ಫೋಟೋ ಕಳಿಸಿದ್ದರಿಂದ ಅದೇ ತಾಯಂದಿರು ಫೋನಿನಲ್ಲಿ ಹೆಬ್ಬೆರಳು ಒತ್ತಿದರು. ರುಖಿಯಮ್ಮ ಫೋಟೋ ನೋಡಿ, "ಆ ಕೊನೆಯ ಹುಡುಗಿಯ ಕಾಲಲ್ಲಿ ಗೆಜ್ಜೆ ಉಂಟು," ಎಂದರು. ಅಷ್ಟೇ.

ಹೆದರುಪುಕ್ಕಿ ಎಂದು ಅವರನ್ನು ಕರೆದವರಿದ್ದಾರೆ. ಹಾಗೆ ಹೇಳಲಾಗದು. ಈ ಊರು ಯೆಮನ್ ಗಡಿಗೆ ಹತ್ತಿರ. ಆಚೆಯಿಂದ ಶೆಲ್ಲು ಹಾರಿ ಬರುತ್ತಿದ್ದ ಕಾಲದಲ್ಲಿ ಗಂಡಸರೇ ಕಿಟಕಿಯ ಹತ್ತಿರ ಮಲಗುತ್ತಿರಲಿಲ್ಲ. ರುಖಿಯಮ್ಮ ಆಗ ಇಲ್ಲೇ ಇದ್ದು, ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದರಂತೆ. ನಾನು ಕೇಳಿದ್ದಕ್ಕೆ ಹೇಳಿದರು: "ಮೇಲಿಂದ ಬೀಳುವುದಕ್ಕೆ ನಮ್ಮ ಪರಿಚಯ ಇಲ್ಲ ಅಕ್ಕ. ನಡ್ಕೊಂಡು ಬರುವವ ನಮ್ಮ ಮುಖ ನೋಡ್ತಾನೆ."

ಆ ನಡೆದುಕೊಂಡು ಬರುವವನ ಕಥೆ ಅವರು ಹೇಳಿದ್ದು ಒಂದೇ ಸಲ, ಅದೇ ಚಾಪೆಯ ಮೇಲೆ. ಅವರ ಮಗಳು ಹಸ್ನಾ ಇರುವುದು ಅಮೆರಿಕದಲ್ಲಿ; ಅಳಿಯ ಅಲ್ಲಿ ಲಾರಿ ಓಡಿಸುತ್ತಾನೆ. ಊರಿನ ಹೆಸರು ನನ್ನ ನಾಲಗೆಗೆ ಹಿಡಿಯಲಿಲ್ಲ. ಶೆಲ್ಲಿನ ಕಾಲ ಮುಗಿದ ಮೇಲೆ ಒಂದು ಹಬ್ಬಕ್ಕೆಂದು ಅಲ್ಲಿಗೆ ಹೋದ ರುಖಿಯಮ್ಮ, ಮೊಮ್ಮಗಳು ಅರ್ವಾಳ ಕೈಗೆ ಊರಿಂದ ತಂದ ಗಾಜಿನ ಬಳೆ ತೊಡಿಸಿ, ಅವಳನ್ನು ಕರೆದುಕೊಂಡು ಶಾಪಿಂಗ್ ಮಾಲಿಗೆ ಹೋಗಿದ್ದರು. ಅಲ್ಲಿ ಒಬ್ಬ ಬಂದ. ಕೈಯಲ್ಲಿ ಬಂದೂಕು ಇತ್ತು. ಅಜ್ಜಿ-ಮೊಮ್ಮಗಳು ಬಟ್ಟೆಯಂಗಡಿಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಳ ನಡುವೆ ಅಡಗಿದರು. ಮಗು ನಡುಗುತ್ತಿತ್ತು, ಬಳೆ ಸದ್ದು ಮಾಡುತ್ತಿತ್ತು. ಹೊರಗೆ ಹೆಜ್ಜೆ ನಿಂತಿತು. "ಸದ್ದಿಗೆ ನಿಂತನಾ, ಗುಂಡು ತುಂಬ್ಲಿಕ್ಕೆ ನಿಂತನಾ, ಅಲ್ಲಾಹನಿಗೇ ಗೊತ್ತು." ರುಖಿಯಮ್ಮ ಮಗುವಿನ ಮಣಿಕಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದರು. ಬಳೆಗಳೆಲ್ಲ ಮುಷ್ಟಿಯೊಳಗೇ ಪುಡಿಯಾದವು. ಇನ್ನೊಂದು ಕೈ ಮಗುವಿನ ಬಾಯಿಯ ಮೇಲಿತ್ತು. ಹೆಜ್ಜೆ ಮುಂದೆ ಹೋಯಿತು. ಬೇರೆ ಯಾರದೋ ಬಾಗಿಲಿಗೆ.

ಮಗು ಉಳಿಯಿತು. ಕೈಗೆ ಹೊಲಿಗೆ ಬಿತ್ತು. ಆದರೆ ಆಮೇಲೆ ಅಜ್ಜಿಗೆ ಆ ಕೈ ಕೊಡಲಿಲ್ಲ. ಫೋನಿನಲ್ಲಿ ಮುಖ ತೋರಿಸುವಾಗಲೂ ಎರಡೂ ಕೈ ಬೆನ್ನ ಹಿಂದೆ. "ಉಮ್ಮ, ನೀವು ಸ್ವಲ್ಪ ಸಮಯ ಆಶಿಕನ ಹತ್ತಿರವೇ ಇರಿ," ಎಂದು ಹಸ್ನಾ ಟಿಕೆಟ್ಟು ತೆಗೆದಳು.

ಇಷ್ಟು ಹೇಳಿ ಅವರು ಗೇಟಿನ ಮೇಲಿನ ಕಣ್ಣು ತೆಗೆದು, ಮೊದಲ ಬಾರಿಗೆ ನನ್ನ ಕೈ ನೋಡಿದರು. "ನಿಮ್ಮ ಕೈ ಒಳ್ಳೇದುಂಟು ಅಮ್ಮಣ್ಣಿಯಕ್ಕ. ಸದ್ದು ಇಲ್ಲ."

ಯಜಮಾನರ ಹನ್ನೊಂದನೆಯ ದಿನ ಹೆಂಗಸರು ಸುತ್ತ ಕೂತು ನನ್ನ ಬಳೆ ಒಡೆದಂದಿನಿಂದ ಈ ಕೈಯನ್ನು ಒಳ್ಳೆಯದೆಂದವರು ಅವರೊಬ್ಬರೇ. ನನಗೆ ನಗು ಬಂತು. ಅವರೂ ನಕ್ಕರು, ನಗುತ್ತಲೇ ಗೇಟು ನೋಡಿದರು.

ಸೊಸೆ ತನುಶ್ರೀ ಆ ವರ್ಷ ಗರ್ಭಿಣಿ. ಮುಂಚೆ ಎರಡು ಬಾರಿ ಬಸಿರು ನಿಂತು ಇಳಿದುಹೋಗಿತ್ತು, ಆದ್ದರಿಂದ ಈ ಮಗುವನ್ನು ಮನೆಯಲ್ಲಿ ಯಾರೂ ಜೋರಾಗಿ ಹೆಸರಿಸುತ್ತಲೂ ಇರಲಿಲ್ಲ. ಅವಳ ತಾಯಿ ಗೌತಮಿ ಬಾಣಂತನಕ್ಕೆಂದು ಊರಿಂದ ಬಂದಿದ್ದಳು. ಗೌತಮಿಯೂ ಸಿದ್ಧತೆಯ ಹೆಂಗಸೇ. ಮಗಳ ದಿಂಬಿನಡಿ ಕಬ್ಬಿಣದ ಚೂರಿ, ಬಾಗಿಲಿಗೆ ಮೆಣಸು-ನಿಂಬೆ, ಸಂಜೆ ಹೊತ್ತು ಹೊರಗೆ ಹೋಗಬಾರದು, ಹಸಿಮೀನಿನ ನೀರು ದಾಟಬಾರದು. ಅವಳನ್ನು ನೋಡಿ ಯಾರೂ ನಗಲಿಲ್ಲ. ಕಾಣದ ಕೇಡಿಗೆ ಚೂರಿ ಇಡುವವಳು ಶಾಸ್ತ್ರ ಬಲ್ಲವಳು. ಕಣ್ಣಾರೆ ಕಂಡ ಕೇಡಿಗೆ ಬೂಟು ಕಟ್ಟುವವಳು ಅರೆಮರುಳು.

ಏಳನೆಯ ತಿಂಗಳ ಬಯಕೆಗೆ, ಅಂದರೆ ಸೀಮಂತಕ್ಕೆ, ಊರ ಹೊರಗಿನ ಇಸ್ತಿರಾಹ ಒಂದನ್ನು ಬಾಡಿಗೆಗೆ ಹಿಡಿದರು. ಇಲ್ಲಿನವರು ಸಮಾರಂಭಕ್ಕೆ ಹಿಡಿಯುವ ಜಾಗ ಅದು: ಎತ್ತರದ ಗೋಡೆಯೊಳಗೆ ಗಂಡಸರಿಗೊಂದು ಹಜಾರ, ಹೆಂಗಸರಿಗೊಂದು, ನಡುವೆ ಹುಲ್ಲು, ಹೊರಕ್ಕೆ ಒಂದೇ ಕಬ್ಬಿಣದ ಗೇಟು. ಹಸಿರು ಬಳೆಗಳನ್ನು ಗೌತಮಿ ಊರಿಂದ ಅಕ್ಕಿಯ ಚೀಲದೊಳಗೆ ಹುಗಿದು, ಒಂದೂ ಒಡೆಯದಂತೆ ತಂದಿದ್ದಳು. ರುಖಿಯಮ್ಮನನ್ನು ಕರೆದವಳು ನಾನು. ಅವರು ಒಳಗೆ ಬಂದು, ನಿಂತು, ನೋಡಿ, ಅಡುಗೆಕೋಣೆಗೆ ಹೋಗಿ, ಅದರ ಹಿಂದಿದ್ದ ಗ್ಯಾಸು-ಜಮಖಾನೆಗಳ ಉಗ್ರಾಣದ ಚಿಲಕ ಎರಡು ಸಲ ಹಾಕಿ ತೆಗೆದು ಬಂದರು. ಆಸ್ಪತ್ರೆಯ ನರ್ಸೊಬ್ಬಳು ಎಲ್ಲರಿಗೂ ಕೇಳುವ ಹಾಗೆ, "ರುಖಿಯಮ್ಮ, ಇವತ್ತು ಅವ ಎಷ್ಟು ಗಂಟೆಗೆ ಬರ್ತಾನಂತೆ?" ಎಂದಳು.

"ಗಂಟೆ ಹೇಳಿ ಬರುವವ ನೆಂಟ," ಎಂದು ರುಖಿಯಮ್ಮ ನನ್ನ ಪಕ್ಕ ಬಂದು ಕೂತರು. ನಾನು ಕೂತದ್ದು ಹಿಂದೆ, ಅಡುಗೆಕೋಣೆಯ ಬಾಗಿಲ ಬಳಿ. ಬಸುರಿಯ ಅತ್ತೆಯೇ ಆದರೂ ಗಂಡ ಇಲ್ಲದವಳು ಬಯಕೆಯ ಮಣೆಯ ಹತ್ತಿರ ಹೋಗಬಾರದು. ಊರಲ್ಲಿ ಇದನ್ನೆಲ್ಲ ಬಿಟ್ಟವರು ಎಷ್ಟೋ ಜನ ಇದ್ದಾರೆ. ಗೌತಮಿ ಬಿಟ್ಟಿರಲಿಲ್ಲ, ಎರಡು ಕಳೆದುಕೊಂಡ ಮಗಳ ತಾಯಿ ಯಾವುದನ್ನು ತಾನೇ ಬಿಟ್ಟಾಳು. ಐದು ಜನ ಮುತ್ತೈದೆಯರು ತನುಶ್ರೀಯ ಎರಡೂ ಕೈ ತುಂಬ ಬಳೆ ತೊಡಿಸಿದರು. ಅವಳು ಕೈ ಎತ್ತಿದರೆ ಗಲಗಲ, ಇಳಿಸಿದರೆ ಗಲಗಲ. ಕತ್ತಲಾಗುತ್ತಿತ್ತು, ಎಲೆ ಹಾಕಿ ಬಡಿಸಲು ತೊಡಗಿದ್ದರು. ರುಖಿಯಮ್ಮ ಚೀಲದಿಂದ ಬೂಟು ತೆಗೆದು ಮಗ್ಗುಲಲ್ಲಿ ಇಟ್ಟುಕೊಂಡಿದ್ದರು.

ಆಗ ಗೋಡೆಯ ಆಚೆಯಿಂದ ಗುಂಡು ಹಾರಿತು.

ಒಂದಲ್ಲ. ಹಂಚಿನ ಮೇಲೆ ಜಲ್ಲಿ ಸುರಿದ ಹಾಗೆ ಸಾಲಾಗಿ. ಆಮೇಲೆ ಗಂಡಸರ ಕೂಗು, ಮತ್ತೆ ಗುಂಡು. ನರ್ಸು ಕೈಯಲ್ಲಿದ್ದ ಪಾಯಸದ ಪಾತ್ರೆ ಬಿಟ್ಟಳು. ಎಲ್ಲರೂ ಬಂದ ಬಾಗಿಲ ಕಡೆಗೇ ಎದ್ದರು.

"ಅಲ್ಲಿ ಅಲ್ಲ. ಇತ್ತ." ರುಖಿಯಮ್ಮನ ದನಿ ಏರಲಿಲ್ಲ. ಬೂಟಿನ ದಾರ ಆಗಲೇ ಬಿಗಿದಿತ್ತು. ಅಷ್ಟು ಹೊತ್ತು ಅವರನ್ನು ನೋಡಿ ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡು, ಕೋಳಿಯ ಹಿಂದೆ ಮರಿಗಳು ಹೋದ ಹಾಗೆ, ಬಗ್ಗಿಕೊಂಡು, ಕೆಲವರು ತೆವಳಿಕೊಂಡು, ಅಡುಗೆಕೋಣೆ ದಾಟಿ ಉಗ್ರಾಣಕ್ಕೆ ಬಂದರು. ನರ್ಸು ಎಲ್ಲರಿಗಿಂತ ಮುಂದಿದ್ದಳು. ಚಿಲಕ ಬಿತ್ತು, ದೀಪ ಆರಿತು. ಮಕ್ಕಳ ಬಾಯಿಗೆ ಖರ್ಜೂರ ಬಿತ್ತು. ಮಕ್ಕಳಿಗೆ ಆಟ ಗೊತ್ತಿತ್ತು, ಒಂದೂ ಅಳಲಿಲ್ಲ.

ಆ ಕತ್ತಲೆಯಲ್ಲಿ ಉಳಿದದ್ದು ಒಂದೇ ಸದ್ದು. ತನುಶ್ರೀ ನಡುಗುತ್ತಿದ್ದಳು, ಬಳೆಗಳು ಗಲಗಲ ಎನ್ನುತ್ತಿದ್ದವು.

ಎಣ್ಣೆಯ ವಾಸನೆ ಬಂತು. ರುಖಿಯಮ್ಮ ಅವಳ ಕೈ ಹಿಡಿದಿದ್ದರು.

"ಎಂತ ಮಾಡ್ತಾ ಇದ್ದೀರಿ? ಬಿಡಿ ಕೈ. ಹೆರಿಗೆ ಆಗುವವರೆಗೆ ಅದನ್ನು ತೆಗೀಬಾರ್ದು," ಎಂದು ಗೌತಮಿ ಪಿಸುಗುಟ್ಟಿದಳು.

"ಬಳೆ ತೊಡಿಸ್ಲಿಕ್ಕೆ ಕೈ ಬೇಕಲ್ಲ. ಸುಮ್ನಿರು ತಂಗಿ."

ಮಣಿಕಟ್ಟಿಗೆ ಎಣ್ಣೆ ಹಚ್ಚಿ, ಬೆರಳುಗಳನ್ನು ಮೊಗ್ಗಿನ ಹಾಗೆ ಕೂಡಿಸಿ, ಒಂದೊಂದಾಗಿ ಜಾರಿಸಿದರು. ನಾನು ಪಕ್ಕದಲ್ಲೇ ಇದ್ದೆ. ಹೊರಗೆ ಗುಂಡು ಹಾರುತ್ತಿರುವಾಗಲೂ ಅವರ ಉಸಿರು ಅವಸರಪಡಲಿಲ್ಲ; ಬಳೆಗಾರನೂ ಅಷ್ಟು ತಾಳ್ಮೆಯಿಂದ ತೊಡಿಸಲಾರ, ಅಷ್ಟು ತಾಳ್ಮೆಯಿಂದ ಅವರು ತೆಗೆದರು. ತೆಗೆದ ಒಂದೊಂದನ್ನೂ ತೋರ್ತಿನ ಮಡಿಕೆಯಲ್ಲಿಟ್ಟು, ಗಂಟು ಕಟ್ಟಿ, ಕತ್ತಲೆಯಲ್ಲಿ ತಡಕಿ, ಅಷ್ಟು ಹೆಂಗಸರ ಮಡಿಲು ಬಿಟ್ಟು ನನ್ನ ಮಡಿಲಿಗೆ ಕೊಟ್ಟರು. ನಾನು ಏಕೆಂದು ಕೇಳಲಿಲ್ಲ. ಅಲ್ಲಿ ಸದ್ದು ಮಾಡದ ಕೈ ನನ್ನದೇ. ನಮ್ಮ ಶಾಸ್ತ್ರ ಅವರಿಗೆ ಗೊತ್ತಿಲ್ಲದ್ದಲ್ಲ, ನಮ್ಮವರ ನೆರೆಯಲ್ಲಿ ಹುಟ್ಟಿ ಬೆಳೆದವರು; ಆ ಹೊತ್ತಿನಲ್ಲಿ ಅವರ ಲೆಕ್ಕದಲ್ಲಿ ಶಾಸ್ತ್ರ ಇರಲಿಲ್ಲ, ಹೆಜ್ಜೆ ಇತ್ತು.

ಹೆಜ್ಜೆ ಬಂತು. ಯಾರೋ ಬಾಗಿಲು ಬಡಿದರು.

"ಅಮ್ಮಾ, ಎಂತ ಎಲ್ಲ ಒಳಗೆ ಸೇರಿದ್ದೀರಿ? ಮದುವೆ ಮಾರಾಯ್ರೆ, ಪಕ್ಕದ ಇಸ್ತಿರಾಹದಲ್ಲಿ. ಮದುಮಗ ಬಂದ ಖುಷಿಗೆ ಆಕಾಶಕ್ಕೆ ಹಾರಿಸಿದ್ದು." ಯೋಗೀಶ ನಗುತ್ತಿದ್ದ.

ಈ ಕಡೆಯ ಬುಡಕಟ್ಟಿನವರಲ್ಲಿ ಆ ಪದ್ಧತಿ ಉಂಟು. ಸರಕಾರ ಬೇಡವೆಂದರೂ ಕೆಲವರು ಬಿಟ್ಟಿಲ್ಲ. ದೀಪ ಹಾಕಿದರು. ಹೆಂಗಸರು ಸೀರೆಯ ಧೂಳು ಕೊಡವಿಕೊಂಡರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮದುಮಗನ ಚಿಕ್ಕಪ್ಪನೇ ನಮ್ಮ ಗಂಡಸರ ಬಳಿಗೆ ಬಂದು, ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿ, ಇಬ್ಬರು ಹೊರುವಷ್ಟು ದೊಡ್ಡ ತಟ್ಟೆಯಲ್ಲಿ ಆಡಿನ ಮಾಂಸದ ಅನ್ನ ಕಳಿಸಿದ. ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು.

ಅದೇ ಹೊತ್ತಿಗೆ ಗೌತಮಿ ಮಗಳ ಬರಿಗೈ ನೋಡಿದಳು. ಆಮೇಲೆ ನನ್ನ ಮಡಿಲು ನೋಡಿದಳು.

"ಅದನ್ನು ಇನ್ನು ಇವಳಿಗೆ ಹಾಕ್ಲಿಕ್ಕೆ ಆಗ್ತದಾ?" ನನ್ನನ್ನು ಕೇಳಿದ್ದಲ್ಲ, ಗೋಡೆಯನ್ನು ಕೇಳಿದ್ದು. "ಗಂಡ ಸತ್ತವರ ಮಡಿಲಿಗೆ ಬಸುರಿಯ ಬಳೆ. ಗುಂಡು ಬಿದ್ದಿದ್ರೂ ಇಷ್ಟು ಆಗ್ತಿರ್ಲಿಲ್ಲ."

"ತೆಗೆದದ್ದು ನಾನು. ಅಮ್ಮಣ್ಣಿಯಕ್ಕನಿಗೆ ಬೈಬೇಡಿ," ಎಂದರು ರುಖಿಯಮ್ಮ.

"ನಿಮಗೆ ಯಾರು ಹೇಳಿದ್ದು ತೆಗೀಲಿಕ್ಕೆ? ನಿಮ್ಮ ಹುಚ್ಚಿಗೆ ನನ್ನ ಮಗಳ ಹೊಟ್ಟೆಯೇ ಬೇಕಿತ್ತಾ?"

ತೆವಳಿ ಬಂದವರಲ್ಲಿ ಯಾರಾದರೂ ಒಂದು ಮಾತು ಆಡಬಹುದಿತ್ತು. ನರ್ಸು ಪಾಯಸ ಚೆಲ್ಲಿದ ಜಾಗ ಒರೆಸುತ್ತಾ, "ನನಗೆ ಆಗಲೇ ಅನ್ನಿಸಿತ್ತು, ಮದುವೆಯದ್ದೇ ಸದ್ದು ಅಂತ," ಎಂದಳು. ತನುಶ್ರೀ ಮಾತ್ರ ಎಣ್ಣೆ ಹತ್ತಿದ ಕೈಯನ್ನು ಒರೆಸಿಕೊಳ್ಳದೆ, ತಾಯಿಯ ಮುಖವನ್ನೂ ರುಖಿಯಮ್ಮನ ಮುಖವನ್ನೂ ನೋಡುತ್ತಾ ಕೂತಿದ್ದಳು. ಅವಳ ಮಾತು ಕೇಳುವ ದಿನ ಅದಲ್ಲ. ಆಶಿಕ ಬಂದು ಬಾಗಿಲಲ್ಲಿ ನಿಂತ. "ಎಂತ ತಿಳ್ಕೊಳ್ಬೇಡಿ. ಉಮ್ಮನಿಗೆ ಅಲ್ಲಿಂದ ಬಂದ ಮೇಲೆ ತಲೆ ಸ್ವಲ್ಪ ಹೀಗೆಯೇ," ಎಂದು ಬೆರಳು ತಿರುಗಿಸಿದ. ಉಮ್ಮ ಅವನ ಪಕ್ಕದಲ್ಲೇ ನಿಂತಿದ್ದರು. ಅವರ ಎಲೆಯಲ್ಲಿ ಬಡಿಸಿದ ಅನ್ನ ಹಾಗೆಯೇ ಇತ್ತು. ಎಲ್ಲಿ ಕೂತರೂ ಬಾಗಿಲು ನೋಡುತ್ತಾ ಉಣ್ಣುವವರಾದ್ದರಿಂದ ಅವರ ಅನ್ನ ಎಂದೂ ಬಿಸಿಯಿದ್ದದ್ದನ್ನು ನಾನು ಕಂಡಿಲ್ಲ. ಅಂದು ಅವರು ಉಣ್ಣಲೂ ಇಲ್ಲ. ಗುಂಡು ಹಾರಿಸಿದವರ ಅನ್ನವನ್ನು ಎಲ್ಲರೂ ಬೆರಳು ಚೀಪಿಕೊಂಡು ಉಂಡರು.

ಬಳೆಯ ಗಂಟನ್ನು ಎಲ್ಲಾದರೂ ಎಸೆದುಬಿಡಿ ಎಂದಳು ಗೌತಮಿ. ಮರುದಿನ ಇಲ್ಲಿನ ಅಂಗಡಿಯಿಂದ ಪ್ಲಾಸ್ಟಿಕ್ಕಿನ ಹಸಿರು ಬಳೆ ತಂದು ಮಗಳಿಗೆ ತೊಡಿಸಿದಳು. ಅದಕ್ಕೆ ಸದ್ದೇ ಇರಲಿಲ್ಲ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಆ ಮೇಲೆ ರುಖಿಯಮ್ಮನನ್ನು ಯಾರೂ ಕರೆಯಲಿಲ್ಲ. ಅಂಗಡಿಗೆ ಬರುವವರೆಲ್ಲ ಆ ಕಥೆಯನ್ನು ಹೇಳಿ ಹೇಳಿ ನಕ್ಕದ್ದರಿಂದ ಆಶಿಕನಿಗೆ ತಲೆ ಎತ್ತಲಾಗಲಿಲ್ಲ. ತಾಯಿಗೆ ಇಲ್ಲಿ ಇರಲು ಕೊಟ್ಟ ಪರವಾನಗಿ, ಇಕಾಮಾ, ಮುಗಿಯುವ ಮೊದಲೇ ಊರಿಗೆ ಕಳಿಸುವ ಏರ್ಪಾಡು ಮಾಡಿದ. ಹೊರಡುವ ದಿನ ನಾನು ಕೆಳಗೆ ಹೋದೆ. ಅವರು ಬೂಟು ಹಾಕಿ, ಚೀಲ ಮಡಿಲಲ್ಲಿಟ್ಟು, ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ನಾನು ಸೆರಗಿನಡಿಯಿಂದ ತೋರ್ತಿನ ಗಂಟು ತೆಗೆದು ಬಿಚ್ಚಿ ತೋರಿಸಿದೆ.

ಬಗ್ಗಿ ನೋಡಿದರು. ಮುಟ್ಟಲಿಲ್ಲ. "ಒಂದೂ ಒಡೆದಿಲ್ಲ ಅಲ್ವಾ ಅಕ್ಕ?"

"ಒಂದೂ ಇಲ್ಲ."

"ಹುಡುಗಿಯ ಕೈಗೆ?"

"ಗೀರು ಕೂಡ ಬಿದ್ದಿಲ್ಲ."

ಅವರು ತಲೆಯಾಡಿಸಿದರು. ಕಾರು ಬಂದಾಗ ಎದ್ದು, ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ರಸ್ತೆಯ ಎರಡೂ ಕಡೆ ನೋಡಿ, ಹೋದರು.

ತನುಶ್ರೀಗೆ ದಿನ ತುಂಬಿ ಗಂಡು ಮಗು ಹುಟ್ಟಿತು. ದೇವರು ದೊಡ್ಡವನು, ಅಪಶಕುನ ತಟ್ಟಲಿಲ್ಲ ಎಂದಳು ಗೌತಮಿ. ಹೆಸರಿಡುವುದಕ್ಕೆ ಮತ್ತೆ ಅದೇ ಇಸ್ತಿರಾಹ; ನನಗೆ ಮತ್ತೆ ಅದೇ ಹಿಂದಿನ ಜಾಗ. ಎಲ್ಲರೂ ತೊಟ್ಟಿಲ ಕಡೆ ಮುಖ ಮಾಡಿದ್ದರು. ನಾನು ಕೂರುವ ಮೊದಲು ಹೋಗಿ ಉಗ್ರಾಣದ ಚಿಲಕ ಹಾಕಿ ತೆಗೆದು ಬಂದೆ. ನರ್ಸು ನೋಡಿ ಪಕ್ಕದವಳನ್ನು ತಿವಿದಳು.

ಇಂಥವರು ಎಲ್ಲ ಕೂಟದಲ್ಲೂ ಒಬ್ಬರಿರುತ್ತಾರೆ. ಕೇಡು ಬಾರದ ದಿನಗಳಲ್ಲಿ ಅವರು ನಮಗೆ ನಗೆಯ ವಸ್ತು. ಕೇಡು ಬಂತೆಂದು ತಿಳಿದ ಗಳಿಗೆಯಲ್ಲಿ ಅವರ ಸೆರಗು ಹಿಡಿಯಲು ನಮಗೆ ನಾಚಿಕೆಯಿಲ್ಲ. ಬಂದದ್ದು ಕೇಡಲ್ಲವೆಂದು ತಿಳಿದ ಮೇಲೆ, ನಾವು ತೆವಳಿದ್ದನ್ನು ಅವರು ಕಂಡರೆಂಬ ಒಂದೇ ತಪ್ಪಿಗೆ, ಅವರ ಮುಖ ನಮಗೆ ಬೇಡವಾಗುತ್ತದೆ. ಬಂದೂಕು ಹಿಡಿದವನ ಅನ್ನ ನಮ್ಮ ಗಂಟಲಲ್ಲಿ ಇಳಿಯುತ್ತದೆ, ಅವರ ಎಣ್ಣೆಯ ಕೈ ಇಳಿಯುವುದಿಲ್ಲ. ಆದರೂ ಬಾಗಿಲಿಗೆ ಬೆನ್ನು ಹಾಕಿ ನೂರು ಜನ ನಿಶ್ಚಿಂತೆಯಿಂದ ಉಣ್ಣಬೇಕಾದರೆ, ಒಬ್ಬರು ಅದರ ಕಡೆ ಮುಖ ಮಾಡಿ ಕೂರಲೇಬೇಕು. ಮತ್ತು ಹಾಗೆ ಕೂತವರ ಎಲೆಯಲ್ಲಿ ಅನ್ನ ಯಾವಾಗಲೂ ತಣ್ಣಗಾಗಿರುತ್ತದೆ.